ನೆರೆಬಯಲಿನ ಹುಲ್ಲುಗಾವಲಿಗೆ ವರ್ಗಸಂಖ್ಯೆ ಬೇಕೇ?

ಪರ: ಹೆಸರಿದ್ದರೆ ಕಡತದಲ್ಲಿ ಜಾಗ

ಇಂಗ್ಲೆಂಡಿನ ಕ್ರಿಕ್‌ಲೇಡ್ ಊರಿನ ಪಕ್ಕ, ಥೇಮ್ಸ್ ಮತ್ತು ಚರ್ನ್ ನದಿಗಳ ನಡುವೆ ನಾರ್ತ್ ಮೆಡೋ ಎಂಬ ಹುಲ್ಲುಗಾವಲಿದೆ. ಚಳಿಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಹುಲ್ಲಿನ ಕೊಯ್ಲು. ಬ್ರಿಟನ್ನಿನ ರಾಷ್ಟ್ರೀಯ ಸಸ್ಯವರ್ಗೀಕರಣದಲ್ಲಿ ಇಂಥ ಗಾವಲಿನ ಹೆಸರು ಎಂಜಿ4. ಎರಡು ಮೀಟರಿನ ಚೌಕಗಳನ್ನು ಗುರುತಿಸಿ, ಒಳಗಿನ ಗಿಡಗಳನ್ನೆಲ್ಲ ಬರೆದು, ಯಾವುದು ಎಷ್ಟು ಚೌಕಗಳಲ್ಲಿ ಸಿಕ್ಕಿತೆಂದು ಎಣಿಸಿ ವರ್ಗವನ್ನು ಗುರುತಿಸುತ್ತಾರೆ. ಮೆಡೋ ಫಾಕ್ಸ್‌ಟೇಲ್ ಹುಲ್ಲು, ಗ್ರೇಟ್ ಬರ್ನೆಟ್‌ನ ಕಡುಗೆಂಪು ಗುಂಡುಹೂ, ಇವೆರಡೂ ಈ ವರ್ಗದ ಹೆಸರಿನಲ್ಲೇ ಇವೆ.

ಕ್ರಿಕ್‌ಲೇಡಿನ ಆಸುಪಾಸಿನಲ್ಲಿ ಜಲ್ಲಿ ತೆಗೆದ ಗುಂಡಿಗಳು ಇಂದು ಸಾಲುಸಾಲು ಕೆರೆಗಳು. ಜಲ್ಲಿ ತೆಗೆಯಲು ಅರ್ಜಿ ಬಂದಾಗ ‘ಚೆಂದದ ಹುಲ್ಲುಗಾವಲು, ಉಳಿಸಿ’ ಅಂದರೆ ಯಾರೂ ಕೇಳುವುದಿಲ್ಲ. ‘ಎಂಜಿ4, ದೇಶದಲ್ಲಿ ಉಳಿದಿರುವುದೇ ಅತಿ ಕಡಿಮೆ’ ಅಂದರೆ ಅಧಿಕಾರಿ ಪೆನ್ನು ಎತ್ತಿಕೊಳ್ಳುತ್ತಾನೆ. ವರ್ಗ ವರ್ಗಗಳ ನಡುವಿನ ಗಡಿ ಮಸುಕು, ಒಪ್ಪುತ್ತೇನೆ. ಆದರೆ ವರ್ಗವನ್ನೇ ಬಿಟ್ಟರೆ ಕಡತದಲ್ಲಿ ಉಳಿಯುವುದು ‘ಹುಲ್ಲು’ ಎಂಬ ಒಂದೇ ಪದ.

ವಿರೋಧ: ಮೊದಲು ನೀರನ್ನು ಕೇಳಿ

ಒಂದು ಏಪ್ರಿಲ್‌ನಲ್ಲಿ ಅಪ್ಪನನ್ನು ನಾರ್ತ್ ಮೆಡೋಗೆ ಕರೆದುಕೊಂಡು ಹೋಗಿದ್ದೆ. ಬೆಳ್ತಂಗಡಿ ಕಡೆ ಗದ್ದೆ ಮಾಡಿದವರು. ನೇರಳೆ ಚೌಕಳಿಯ ಫ್ರಿಟಿಲರಿ ಹೂಗಳು ಕಣ್ಣು ಹಾಯುವಷ್ಟು ದೂರ ತೂಗುತ್ತಿದ್ದವು. ಅಪ್ಪ ಒಮ್ಮೆ ನೋಡಿ, ಕಾಲುದಾರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಹೆಬ್ಬೆರಳು ಒತ್ತಿದರು. ಉಗುರಿನ ಸುತ್ತ ನೀರು ಜಿನುಗಿತು. “ಇದು ಬೈಲು” ಅಂದರು. ಇಪ್ಪತ್ತು ಹೆಜ್ಜೆ ಮುಂದೆ, ನನ್ನ ಕಣ್ಣಿಗೆ ಬೀಳದಷ್ಟು ತುಸು ಏರು. ಮತ್ತೆ ಒತ್ತಿದರು. “ಇದು ಮಜಲು ಮಗಾ.”

ಬೈಲು ತಗ್ಗಿನ, ನೀರು ಹೆಚ್ಚು ಕಾಲ ನಿಲ್ಲುವ ಗದ್ದೆ; ಮಜಲು ನಡುವಿನದು; ಬೆಟ್ಟು ಎತ್ತರದ್ದು, ಬೇಗ ಒಣಗುವುದು. ನಮ್ಮ ಹಿರಿಯರು ಗದ್ದೆಯನ್ನು ವಿಂಗಡಿಸಿದ್ದು ಅಲ್ಲಿ ಏನು ಬೆಳೆದಿದೆಯೆಂದು ಎಣಿಸಿ ಅಲ್ಲ, ನೀರು ಎಷ್ಟು ಕಾಲ ಇರುತ್ತದೆಂದು ನೋಡಿ. ಚೌಕ ಹಾಕುವವರು ಎರಡು ಮೀಟರಿನಾಚೆ ತಲೆ ಎತ್ತುವುದಿಲ್ಲ. ಬೇಸಿಗೆಯಲ್ಲೂ ನೀರು ನಿಂತು ಬೇರಿಗೆ ಗಾಳಿ ಸಿಗದಿದ್ದರೆ ಬರ್ನೆಟ್ ಹಿಂದೆ ಸರಿಯುತ್ತದೆ, ಜೇಕು ಹಬ್ಬುತ್ತದೆ. 2012ರಂಥ ಮಳೆಯ ಬೇಸಿಗೆ ಇನ್ನೆರಡು ಬಂದರೆ ಅದೇ ಗಾವಲು ಯಾವ ಸಂಖ್ಯೆಯದು? ರಕ್ಷಣೆಯನ್ನು ಸಂಖ್ಯೆಗೆ ಕಟ್ಟಿದರೆ, ಗಾವಲು ಸೊರಗಿದ ವರ್ಷವೇ ರಕ್ಷಣೆಯೂ ಕಳಚುತ್ತದೆ. ಜಲ್ಲಿಗುಂಡಿಯ ವಿಚಾರ ಬೇರೆ, ಅದನ್ನು ಇಲ್ಲಿ ಎಳೆದು ತರಬೇಕಿಲ್ಲ.

ಫ್ರಿಟಿಲರಿಗಳು ಉಳಿದದ್ದು ಊರಿನ ಕಟ್ಟಳೆಯಿಂದ. ಹುಲ್ಲು ಕೊಯ್ದ ಮೇಲೆ ಆಗಸ್ಟ್ 12ರಿಂದ ಫೆಬ್ರವರಿ 12ರವರೆಗೆ ಊರವರ ದನಕರುಗಳಿಗೆ ಮೇಯುವ ಹಕ್ಕು. ಎಂಜಿ4 ಎಂಬ ಹೆಸರು ಹುಟ್ಟುವ ಎಷ್ಟೋ ಕಾಲ ಮೊದಲಿಂದ ನಡೆದುಬಂದದ್ದು.

ವಾಪಸು ಬರುವಾಗ ಅಪ್ಪ ಕೇಳಿದರು: “ಮೇ ತಿಂಗಳಲ್ಲಿ ಇಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತದೆ?” ಗಿಡಗಳ ಪಟ್ಟಿ ನನಗೆ ಬಾಯಿಪಾಠವಿತ್ತು, ಇದಕ್ಕೆ ಉತ್ತರವಿರಲಿಲ್ಲ. ಚೌಕ ಹಾಕುವ ಮೊದಲು ಪ್ರತಿ ಗಾವಲಿನಲ್ಲೂ ಒಂದು ಅಳತೆಕೊಳವೆ ಇಳಿಸಲಿ, ನೀರಿನ ಮಟ್ಟವನ್ನು ವಾರವಾರ ಬರೆದಿಡಲಿ.