3 ಟೆಸ್ಲಾನೇ ಬೇಕಾ?

ಸ್ಕ್ಯಾನ್ ಸೆಂಟರ್‌ಗಳ ಬೋರ್ಡ್ ಗಮನಿಸಿದ್ದೀರಾ? ಡಾಕ್ಟರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ '3 ಟೆಸ್ಲಾ ಎಂಆರ್‌ಐ' ಅಂತ ಇರುತ್ತದೆ. ಅದನ್ನು ನೋಡಿ ನೋಡಿ ಜನರ ತಲೆಯಲ್ಲೂ ಅದೇ ಕೂತಿದೆ. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಜಾಸ್ತಿ ಬಂದು, ಕ್ಯಾನ್ಸರ್ ಅನುಮಾನದಿಂದ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಎಂಆರ್‌ಐಗೆ ಫೋನ್ ಮಾಡುವವರ ಮೊದಲ ಪ್ರಶ್ನೆ, "ಸಾರ್, ನಿಮ್ದು ಎಷ್ಟು ಟೆಸ್ಲಾ?" 1.5 ಅಂದರೆ "ಆಮೇಲೆ ಮಾಡ್ತೀವಿ" ಅಂತ ಫೋನ್ ಇಡುತ್ತಾರೆ. ಎಂಆರ್‌ಐ ಟೆಕ್ನಿಷಿಯನ್ ಆಗಿ ಇದರ ಬಗ್ಗೆ ನನ್ನದೂ ಸ್ವಲ್ಪ ಮಾತಿದೆ.

ಟೆಸ್ಲಾ ಅಂದರೆ ಅಯಸ್ಕಾಂತದ ಬಲ. 1.5 ಕೂಡ ಕಮ್ಮಿಯೇನಲ್ಲ, ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು! 3 ಟೆಸ್ಲಾದಲ್ಲಿ ಸಿಗ್ನಲ್ ಹೆಚ್ಚುಕಮ್ಮಿ ಎರಡರಷ್ಟು ಸಿಗುತ್ತದೆ. ಪ್ರಾಸ್ಟೇಟ್ ಅನ್ನೋದು ಸಿಪ್ಪೆ ಸಮೇತದ ಹಸಿ ಅಡಿಕೆಯಷ್ಟಿರುವ ಗ್ರಂಥಿ. ಅದನ್ನು 3 ಮಿ.ಮೀ. ಪದರಗಳಾಗಿ ನೋಡುವಾಗ ಇದು ನಿಜಕ್ಕೂ ಅನುಕೂಲ.

ಆದರೆ ಸಿಗ್ನಲ್ ಜೊತೆ ಕಿರಿಕಿರಿಯೂ ಹೆಚ್ಚುತ್ತದೆ. ಕ್ಯಾನ್ಸರ್ ಹುಡುಕಲು ತುಂಬಾ ಮುಖ್ಯವಾದದ್ದು ಡಿಫ್ಯೂಷನ್ ಚಿತ್ರ, ಅಂದರೆ ಅಂಗಾಂಶದೊಳಗೆ ನೀರಿನ ಅಣುಗಳ ಓಡಾಟ ತೋರಿಸುವ ಚಿತ್ರ. ಪಕ್ಕದ ಗುದನಾಳದಲ್ಲಿ ಗ್ಯಾಸ್ ಇದ್ದರೆ ಈ ಚಿತ್ರ ಸೊಟ್ಟಗಾಗುತ್ತದೆ, 3 ಟೆಸ್ಲಾದಲ್ಲಿ ಇನ್ನೂ ಜಾಸ್ತಿ. ಜಾಗ ಗುರುತಿಸಲು ಮೊದಲು ತೆಗೆಯುವ ಲೊಕಲೈಸರ್ ಚಿತ್ರದಲ್ಲೇ ಗುದನಾಳ ಕಪ್ಪಗೆ ಉಬ್ಬಿಕೊಂಡಿರುವುದು ಕಾಣುತ್ತದೆ. ಆಗ ಟೇಬಲ್ ಹೊರಗೆ ತಂದು, "ಯಜಮಾನ್ರೇ, ಒಂದ್ಸಲ ಬಾತ್‌ರೂಮಿಗೆ ಹೋಗಿ ಬನ್ನಿ" ಅನ್ನಬೇಕು. ಕ್ಯೂ ಉದ್ದ ಇದೆ ಅಂತ ಅಷ್ಟು ಮಾಡದೆ ಹಾಗೇ ತೆಗೆದರೆ ಎಷ್ಟು ಟೆಸ್ಲಾ ಇದ್ದು ಏನು ಬಂತು? ಸೊಂಟದ ಕೀಲು ಬದಲಾಯಿಸಿ ಲೋಹ ಹಾಕಿಸಿಕೊಂಡವರಿಗಂತೂ 1.5 ಟೆಸ್ಲಾನೇ ಎಷ್ಟೋ ಸಲ ವಾಸಿ.

2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ ನೆನಪಾಗುತ್ತದೆ. ಬಯಾಪ್ಸಿಗೆ (ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದಕ್ಕೆ) ಮೊದಲು ಎಂಆರ್‌ಐ ಅನ್ನೋ ಪದ್ಧತಿಗೆ ಬಲ ಕೊಟ್ಟಿದ್ದೇ ಅದು. 576 ಜನರನ್ನು ಪರೀಕ್ಷಿಸಿದ್ದರು. ಅಪಾಯದ ಕ್ಯಾನ್ಸರ್‌ಗಳಲ್ಲಿ ಹಳೇ ರೀತಿಯ ಬಯಾಪ್ಸಿ ಹಿಡಿದದ್ದು ಶೇ. 48, ಎಂಆರ್‌ಐ ಶೇ. 93. ಬಳಸಿದ್ದು 1.5 ಟೆಸ್ಲಾ ಮಷಿನ್! ಸುಳ್ಳು ಅಲಾರಂ ಕೂಡ ತುಂಬಾ ಇತ್ತು, ಅದನ್ನೂ ಹೇಳಿಬಿಡಬೇಕು.

ಪ್ರಾಸ್ಟೇಟ್ ಎಂಆರ್‌ಐಗೆ ರೇಡಿಯಾಲಜಿಸ್ಟ್‌ಗಳು ಅನುಸರಿಸುವ ಪೈ-ರಾಡ್ಸ್ ನಿಯಮಾವಳಿ (2019ರ 2.1 ಆವೃತ್ತಿ) ಸರಿಯಾಗಿ ತೆಗೆದರೆ 1.5, 3 ಎರಡೂ ಸಾಕು ಅನ್ನುತ್ತದೆ. ಅದನ್ನು ಬರೆದವರಲ್ಲಿ ಹೆಚ್ಚಿನವರ ಒಲವು 3 ಟೆಸ್ಲಾ ಕಡೆಗೆ, ನಿಜ. 1.5ಕ್ಕಿಂತ ಕೆಳಗಿನದು ಮಾತ್ರ ಬೇಡ ಅನ್ನುತ್ತದೆ. ಹಾಗಾಗಿ ಕಡಿಮೆ ಬಲದ ಓಪನ್ ಮಷಿನ್‌ನಲ್ಲಿ ಪ್ರಾಸ್ಟೇಟ್ ಮಾಡಿಸಬೇಡಿ.

ಎರಡೂ ಒಂದೇ ದೂರ, ಒಂದೇ ರೇಟು ಆದರೆ 3ಕ್ಕೇ ಹೋಗಿ, ನಾನೂ ಹೋಗ್ತೀನಿ. ಆದರೆ ಊರಲ್ಲೇ ಒಳ್ಳೆ 1.5 ಇರುವಾಗ ವಯಸ್ಸಾದವರನ್ನು ಸುಮ್ನೆ ಬೆಂಗಳೂರಿಗೆ ಅಲೆದಾಡಿಸುವುದು ನನಗೆ ಒಪ್ಪಿಗೆಯಿಲ್ಲ. ರಿಪೋರ್ಟ್ ಬರೆಯುವವರು ಪ್ರಾಸ್ಟೇಟ್ ಕೇಸ್ ನೋಡಿ ಪಳಗಿದವರಾ, ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅನುಮಾನ ಎಷ್ಟು ಅಂತ ಹೇಳುವ, 1ರಿಂದ 5ರವರೆಗಿನ ಪೈ-ರಾಡ್ಸ್ ಅಂಕ ಕೊಡುತ್ತಾರಾ, ಅದನ್ನು ಕೇಳಿ. ಈಚೆಗೆ ಬಯಾಪ್ಸಿ ಆಗಿದ್ದರೆ ಬುಕ್ ಮಾಡುವಾಗಲೇ ಹೇಳಿಬಿಡಿ. ಒಳಗೆ ಉಳಿದ ರಕ್ತ ವಾರಗಟ್ಟಲೆ ಚಿತ್ರದಲ್ಲಿ ಗೊಂದಲ ಮಾಡುತ್ತದೆ, ಅದಕ್ಕೆ ಯಾವ ಟೆಸ್ಲಾದಲ್ಲೂ ಮದ್ದಿಲ್ಲ.