ಮಲೇರಿಯದಲ್ಲಿ ಹೀಮ್ ಒಡೆಯುವ ಕಿಣ್ವಕ್ಕೆ ಬಲ ತುಂಬಬೇಕೆ?

ಪರ

ಹೊಳಲ್ಕೆರೆ, ಹೊಸದುರ್ಗದ ಕಡೆ ಮಿಶ್ರತಳಿ ಹಸು ಕಟ್ಟಿದವರಿಗೆ ಉಣ್ಣೆಹುಳದ ಕಾಟ ಹೊಸದಲ್ಲ. ಅದರಿಂದ ಬೆಬೆಸಿಯ ಎಂಬ ರಕ್ತದ ಪರಾವಲಂಬಿ ಹತ್ತಿತೆಂದರೆ ಹಸು ಮೇವು ಬಿಡುತ್ತದೆ, ಮೈ ಸುಡುತ್ತದೆ, ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಒಡೆದ ಕೆಂಪು ಕಣಗಳಿಂದ ಸುರಿದ ಹಿಮೋಗ್ಲೋಬಿನ್ನಿನದು. ಮನುಷ್ಯರ ಮಲೇರಿಯದಲ್ಲೂ ಕಣ ಒಡೆಯುತ್ತದೆ; ಹಿಮೋಗ್ಲೋಬಿನ್ನಿನಿಂದ ಕಳಚಿಕೊಂಡ ಹೀಮ್ (ಅದರ ಕಬ್ಬಿಣ ಹೊತ್ತ ಭಾಗ) ರಕ್ತನಾಳಗಳ ಒಳಪದರವನ್ನೇ ಕೆಡಿಸುತ್ತದೆ.

ಈ ಹೀಮನ್ನು ತೀರಿಸಲು ಮೈಯಲ್ಲೇ ಒಂದು ಕಿಣ್ವವಿದೆ, ಹೀಮ್ ಆಕ್ಸಿಜಿನೇಸ್. 1968ರಲ್ಲಿ ಗುರುತಿಸಿದ್ದು. ಅದು ಹೀಮನ್ನು ಬಿಲಿವರ್ಡಿನ್, ಕಬ್ಬಿಣ ಮತ್ತು ತುಸು ಕಾರ್ಬನ್ ಮಾನಾಕ್ಸೈಡ್ ಆಗಿ ಒಡೆಯುತ್ತದೆ. ಕಬಡ್ಡಿಯಲ್ಲಿ ಬಿದ್ದ ಪೆಟ್ಟು ಮೊದಲು ನೀಲಿಗಟ್ಟಿ, ಆಮೇಲೆ ಹಸಿರಾಗಿ, ಕೊನೆಗೆ ಹಳದಿಯಾಗುತ್ತದಲ್ಲ? ಹಸಿರು ಬಿಲಿವರ್ಡಿನ್, ಹಳದಿ ಅದರಿಂದಾದ ಬಿಲಿರುಬಿನ್.

2007ರಲ್ಲಿ ಪೋರ್ಚುಗಲ್ಲಿನ ವಿಜ್ಞಾನಿಗಳು ಪ್ರಕಟಿಸಿದ ಫಲಿತಾಂಶ ನನ್ನ ಮುಖ್ಯ ಆಧಾರ. ಮಿದುಳು ಮಲೇರಿಯಕ್ಕೆ ಜಗ್ಗದ ತಳಿಯ ಇಲಿಗಳಲ್ಲಿ ಈ ಕಿಣ್ವದ ಜೀನ್ ತೆಗೆದುಹಾಕಿದರೆ ಅವೂ ಆ ರೋಗಕ್ಕೆ ತುತ್ತಾದವು. ಸುಲಭವಾಗಿ ಸಾಯುವ ತಳಿಗೆ ಕಾರ್ಬನ್ ಮಾನಾಕ್ಸೈಡ್ ಉಸಿರಾಡಿಸಿದರೆ ಬದುಕಿಕೊಂಡವು. ರಕ್ತದಲ್ಲಿದ್ದ ಪರಾವಲಂಬಿಗಳ ಸಂಖ್ಯೆ ಮಾತ್ರ ಇಳಿಯಲಿಲ್ಲ! ರೋಗಾಣು ಇದ್ದರೂ ಮೈ ತಡೆದುಕೊಂಡಿತು. ಕುಡಗೋಲು ಕಣದ (ಕೆಂಪು ಕಣ ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್‌ನ) ಗುಣವಿರುವ ಇಲಿಗಳನ್ನು ಕಾಪಾಡುವುದೂ ಇದೇ ಕಿಣ್ವವೆಂದು 2011ರಲ್ಲಿ ತಿಳಿಯಿತು.

ಔಷಧವಿದೆಯಲ್ಲ ಎನ್ನಬಹುದು. 2005ರ ಏಷ್ಯಾದ ದೊಡ್ಡ ಪ್ರಯೋಗದಲ್ಲಿ ತೀವ್ರ ಮಲೇರಿಯದ ರೋಗಿಗಳ ಪೈಕಿ ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ 15. ರೋಗಾಣು ಕೊಲ್ಲುವ ಒಳ್ಳೆಯ ಔಷಧ ಕೊಟ್ಟ ಮೇಲೂ ಹದಿನೈದು ಜೀವ! ಅವರಿಗಾಗಿ ಈ ಕಿಣ್ವಕ್ಕೆ ಬಲ ತುಂಬಿ ಎಂದು ಕೇಳುತ್ತಿದ್ದೇನೆ. ರೋಗಾಣು ಮೊದಲು ಯಕೃತ್ತಿನಲ್ಲಿ ಬೆಳೆಯುವ ಹಂತದಲ್ಲಿ ಈ ಕಿಣ್ವ ರೋಗಾಣುವಿಗೇ ನೆರವಾಗುತ್ತದೆ ಎಂಬ ಆಕ್ಷೇಪ ಗೊತ್ತು. ಆದರೆ ಜ್ವರ ಬಂದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಫಾಲ್ಸಿಪಾರಂ ಎಂಬ ಮಾರಕ ಬಗೆಯ ಮಲೇರಿಯ ರೋಗಾಣು ಯಕೃತ್ತು ಬಿಟ್ಟು ರಕ್ತಕ್ಕೆ ಇಳಿದಾಗಿರುತ್ತದೆ.

ವಿರೋಧ

ಇಲಿಗಳಿಗೆ ಕಾರ್ಬನ್ ಮಾನಾಕ್ಸೈಡ್ ಕೊಡಲು ಶುರುಮಾಡಿದ್ದು ಸೋಂಕು ತಗುಲಿಸಿದ ಮೂರನೇ ದಿನ, ಮಿದುಳಿನ ಲಕ್ಷಣ ಕಾಣುವ ಮೊದಲೇ. ನಮ್ಮಲ್ಲಿ ರೋಗಿಯನ್ನು ಕರೆತರುವುದು ಪ್ರಜ್ಞೆ ತಪ್ಪಿದ ಮೇಲೆ. ಮೊದಲೇ ರಕ್ತ ಕಡಿಮೆಯಾದವನಿಗೆ, ಮುಚ್ಚಿದ ಕೋಣೆಯ ಇದ್ದಿಲು ಒಲೆಯಿಂದ ಜನ ಸಾಯುವ ಅದೇ ಅನಿಲ ಕೊಡುವ ಧೈರ್ಯ ಯಾವ ಡಾಕ್ಟರಿಗಿದೆ?

ಫಾಲ್ಸಿಪಾರಂ ಯಕೃತ್ತು ಬಿಟ್ಟಿರುತ್ತದೆ, ಒಪ್ಪೋಣ. ಇನ್ನೊಂದು ಬಗೆಯ ಮಲೇರಿಯ ರೋಗಾಣು ವೈವ್ಯಾಕ್ಸ್? ಅದು ಅಲ್ಲೇ ಅಡಗಿದ್ದು ತಿಂಗಳುಗಳ ಮೇಲೆ ಏಳುವಂಥದ್ದು. ಕಿಣ್ವವಿಲ್ಲದ ಇಲಿಗಳಲ್ಲಿ ಯಕೃತ್ತಿನ ಸೋಂಕೇ ಬೇರೂರಲಿಲ್ಲ, ಕಿಣ್ವ ಹೆಚ್ಚಿಸಿದರೆ ಸೋಂಕೂ ಹೆಚ್ಚಿತು ಎಂದು 2008ರಲ್ಲಿ ಹೇಳಿದವರೂ ಪೋರ್ಚುಗಲ್ಲಿನವರೇ.

ನನ್ನ ನಿಜವಾದ ಭಯ ಬೇರೆ. ಭದ್ರಾ ನಾಲೆಯ ಗದ್ದೆ ಬಯಲಿನಿಂದ ಜ್ವರ ಹೊತ್ತು ದಾವಣಗೆರೆಗೆ ಬಂದವರ ಕೈಯಲ್ಲಿರುವ ಲ್ಯಾಬ್ ಚೀಟಿ ನೋಡಿ: ‘ಸಿಬಿಸಿ, ಎಂಪಿ, ವೈಡಾಲ್’, ಅಂದರೆ ರಕ್ತಕಣಗಳ ಎಣಿಕೆ, ಮಲೇರಿಯ ಪರೀಕ್ಷೆ, ಟೈಫಾಯ್ಡ್ ಪರೀಕ್ಷೆ. ಮಲೇರಿಯವೋ ಟೈಫಾಯ್ಡೋ ಎಂಬ ಅನುಮಾನ ಒಂದೇ ಸಾಲಿನಲ್ಲಿದೆ. ಟೈಫಾಯ್ಡ್ ತರುವುದು ಸಾಲ್ಮೊನೆಲ್ಲ ಕುಲದ ಬ್ಯಾಕ್ಟೀರಿಯ. ಆಫ್ರಿಕಾದಲ್ಲಿ ಮಲೇರಿಯ ಬಂದ ಮಕ್ಕಳ ರಕ್ತಕ್ಕೆ ಅದೇ ಕುಲದ ಬೇರೆ ಬಗೆಗಳು ನುಗ್ಗುವುದು ಹಳೆಯ ಸಂಗತಿ. ಅದು ಹೇಗೆಂದು ಲಂಡನ್ನಿನ ತಂಡವೊಂದು ಇಲಿಗಳಲ್ಲಿ ಹುಡುಕಿತು. ಹೊರಬಿದ್ದ ಹೀಮ್ ಈ ಕಿಣ್ವವನ್ನು ಎಬ್ಬಿಸುತ್ತದೆ. ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ನ್ಯೂಟ್ರೋಫಿಲ್‌ಗಳು (ಬ್ಯಾಕ್ಟೀರಿಯ ಕೊಲ್ಲುವ ಬಿಳಿ ರಕ್ತಕಣಗಳು) ಬಲಿಯದೆ ಹೊರಬರುತ್ತವೆ, ಬ್ಯಾಕ್ಟೀರಿಯವನ್ನು ನುಂಗಿದರೂ ಕೊಲ್ಲಲಾರವು. ಕಿಣ್ವವನ್ನು ತಡೆಯುವ ರಾಸಾಯನಿಕ ಕೊಟ್ಟಾಗ ಇಲಿಗಳ ಪ್ರತಿರೋಧ ಮರಳಿತು. ಗಮನಿಸಿ: ಕಿಣ್ವವನ್ನು ತಡೆದಾಗ.

ಪರಾವಲಂಬಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ದಕ್ಷಿಣ ಅಮೆರಿಕದ ಛಾಗಸ್ ಕಾಯಿಲೆಯ ಪರಾವಲಂಬಿಯನ್ನು ಈ ಕಿಣ್ವ ಕುಗ್ಗಿಸಿದರೆ, ಕಾಲಾ ಅಜಾರ್ ತರುವ ಲೀಶ್ಮೇನಿಯಾಗೆ ಉಳಿಯಲು ಅನುಕೂಲ ಮಾಡಿಕೊಡುತ್ತದೆ.

ಕೊನೆಗೆ ಮನುಷ್ಯರ ಮಾತು. ಈ ಕಿಣ್ವದ ಜೀನಿನ ಮುಂದೆ ಪುನರಾವರ್ತನೆಯಾಗುವ ಒಂದು ತುಣುಕಿದೆ. ಅದು ಗಿಡ್ಡವಿದ್ದವರಲ್ಲಿ ಕಿಣ್ವ ಚುರುಕಾಗಿ ಹುಟ್ಟುತ್ತದೆ. ಇಲಿಯ ಪಾಠ ನಿಜವಾದರೆ ಇವರೇ ಸುರಕ್ಷಿತರಾಗಿರಬೇಕಿತ್ತು. ಮ್ಯಾನ್ಮಾರ್‌ನಲ್ಲಿ ಮಿದುಳು ಮಲೇರಿಯ ಬಂದವರಲ್ಲಿ, ಗ್ಯಾಂಬಿಯಾದಲ್ಲಿ ತೀವ್ರ ಮಲೇರಿಯದ ಮಕ್ಕಳಲ್ಲಿ ಈ ಗಿಡ್ಡ ತುಣುಕೇ ಹೆಚ್ಚಾಗಿ ಕಂಡಿತು. ಇದಕ್ಕೆ ಪರದವರ ಉತ್ತರವೇನು?