‘ಹಾಕಬಹುದು’ ಅಂದರೆ ಸಾಕಾ?

ನಿನ್ನೆ ಗೆಳೆಯರ ಮನೆಯ ಊಟದಲ್ಲಿ ಮತ್ತೆ ಅದೇ ಮಾತು. “ಊರಿನ ಪೊಲೀಸರ ವಿಷಯಕ್ಕೆ ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ಯಾಕೆ ತಲೆ ಹಾಕಬೇಕು? ಆ ಅಧಿಕಾರ ಕೊಟ್ಟವರು ಯಾರು?” ನಾನು ಅಮೆರಿಕದ ಮಿನಿಯಾಪೊಲಿಸ್‌ ನಗರದಲ್ಲೇ ಬೇರು ಬಿಟ್ಟವಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಅಧಿಕಾರ ಕೊಟ್ಟಿದ್ದು 1994ರ ಕಾನೂನು. 1991ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಅನ್ನುವ ಕಪ್ಪು ವ್ಯಕ್ತಿಗೆ ಲಾಠಿಯಲ್ಲಿ ಬಡಿದದ್ದನ್ನು ಜಗತ್ತೇ ಟೀವಿಯಲ್ಲಿ ನೋಡಿತು. ಆಮೇಲೆ ಬಂತು ಇದು. ಒಬ್ಬ ಪೊಲೀಸಿನವನ ತಪ್ಪಿಗಲ್ಲ, ಜನರ ಹಕ್ಕು ತುಳಿಯುವುದೇ ಇಲಾಖೆಯ ರೂಢಿಯಾಗಿದ್ದರೆ ಅಟಾರ್ನಿ ಜನರಲ್, ಅಂದರೆ ಕೇಂದ್ರದ ನ್ಯಾಯ ಇಲಾಖೆಯ ಮುಖ್ಯಸ್ಥರು, ಸಿವಿಲ್ ಕೇಸು ಹಾಕಬಹುದು.

ನನ್ನ ಸಂಕಟ ಇರುವುದು ಆ ‘ಹಾಕಬಹುದು’ ಅನ್ನುವುದರಲ್ಲಿ. ಹಾಕಲೇಬೇಕು ಅಂತಿಲ್ಲ. ಏಟು ತಿಂದವರು ಈ ಕಾನೂನು ಹಿಡಿದು ಕೋರ್ಟಿಗೆ ಹೋಗುವ ಹಾಗೂ ಇಲ್ಲ.

“ಅವರೇ ಬೇರೆ ದಾವೆ ಹೂಡಬಹುದಲ್ವಾ?” ಅಂತ ಕೇಳುತ್ತಾರೆ. ಹೂಡಬಹುದು. ಪರಿಹಾರದ ದುಡ್ಡೂ ಸಿಗಬಹುದು. ಆದರೆ ಅಡಾಲ್ಫ್ ಲಯನ್ಸ್‌ಗೆ ಏನಾಯಿತು ನೋಡಿ. 1976ರಲ್ಲಿ ಕಾರಿನ ಹಿಂದಿನ ದೀಪ ಉರಿಯುತ್ತಿಲ್ಲ ಅಂತ ಪೊಲೀಸರು ನಿಲ್ಲಿಸಿದರು. ಪ್ರಜ್ಞೆ ತಪ್ಪುವ ತನಕ ಕತ್ತು ಒತ್ತಿ ಹಿಡಿದರು. ಈ ಪದ್ಧತಿಯನ್ನೇ ನಿಲ್ಲಿಸಿ ಅಂತ ಆತ ಕೇಳಿದ. 1983ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಆಗಲ್ಲ ಅಂದಿತು. ಪರಿಹಾರ ಕೇಳು, ಆದರೆ ಮತ್ತೆ ನಿನ್ನ ಕತ್ತಿಗೇ ಕೈ ಹಾಕುತ್ತಾರೆ ಅನ್ನುವುದಕ್ಕೆ ಆಧಾರವಿಲ್ಲ ಅಂತ! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮೂರಿಗೆ ಬರೋಣ. ಪೊಲೀಸಿನವನೊಬ್ಬ ಕತ್ತಿನ ಮೇಲೆ ಮೊಣಕಾಲೂರಿ ಒತ್ತಿದ್ದರಿಂದ ಜಾರ್ಜ್ ಫ್ಲಾಯ್ಡ್ ಸತ್ತಿದ್ದು 2020ರ ಮೇ 25ಕ್ಕೆ. ಆ ಚಳಿಗಾಲ, ಅದು ನಡೆದ 38ನೇ ಬೀದಿಯ ಮೂಲೆಗೆ ಹೋಗಿದ್ದೆ. ಹೂಗುಚ್ಛಗಳ ಪ್ಲಾಸ್ಟಿಕ್ ಹಿಮಕ್ಕೆ ಅಂಟಿಕೊಂಡಿತ್ತು. ಒಬ್ಬ ಅಜ್ಜಿ ಗ್ಲೌಸ್ ತೆಗೆದು, ಬರಿಗೈಯಲ್ಲಿ ಒಂದೊಂದನ್ನೇ ಬಿಡಿಸಿ ನೇರವಾಗಿ ಇಡುತ್ತಿದ್ದರು. 2021ರಲ್ಲಿ ಆ ಕಾನೂನಿನಡಿ ಕೇಂದ್ರದ ನ್ಯಾಯ ಇಲಾಖೆಯ ತನಿಖೆ ಶುರುವಾಯಿತು. 2023ರ ವರದಿ ಬಿಚ್ಚಿ ಹೇಳಿತು: ಇಲ್ಲಿನ ಪೊಲೀಸರು ಅತಿಯಾಗಿ ಬಲ ಬಳಸುತ್ತಾರೆ, ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ತಾರತಮ್ಯ ಮಾಡುತ್ತಾರೆ. 2025ರ ಜನವರಿಯಲ್ಲಿ ನ್ಯಾಯ ಇಲಾಖೆ ಕೇಸು ಹಾಕಿತು, ಪೊಲೀಸರನ್ನು ಸುಧಾರಿಸುವ ಒಪ್ಪಂದಕ್ಕೆ ನಮ್ಮ ನಗರವೂ ಸಹಿ ಹಾಕಿತು. ಅಷ್ಟರಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾಯಿತು. ಮೇ 21ಕ್ಕೆ, ಆ ಸಾವಿಗೆ 5 ವರ್ಷ ತುಂಬಲು ನಾಲ್ಕೇ ದಿನ ಇರುವಾಗ, ಕೇಸು ಬೇಡ ಅಂತ ಅದೇ ಇಲಾಖೆಯಿಂದ ಕೋರ್ಟಿಗೆ ಅರ್ಜಿ ಬಂತು. ಕೇಸು ಮುಗಿಯಿತು. ವರದಿಯಲ್ಲಿದ್ದದ್ದು ಸುಳ್ಳಾಯಿತಾ? ಇಲ್ಲ. ಹಾಕಬಹುದು ಅಂದಮೇಲೆ ಬಿಡಲೂಬಹುದು, ಅಷ್ಟೇ.

ನಮಗೆ ಮಿನೆಸೋಟ ರಾಜ್ಯದ ಜೊತೆ ಮಾಡಿಕೊಂಡ ಬೇರೊಂದು ಒಪ್ಪಂದ ಇದೆ, ಪುಣ್ಯ. ಅದೂ ಇಲ್ಲದ ಊರಿನವರು ಯಾರ ಬಾಗಿಲು ತಟ್ಟಬೇಕು? ನಿನ್ನೆ ದನಿ ಏರುತ್ತದೆ ಅಂತ ಸುಮ್ನೆ ಎದ್ದು ಬಂದೆ. ತಪ್ಪು ಮಾಡಿದೆ. ಮುಂದಿನ ಸಲ ಕರೆದರೆ ಊಟಕ್ಕೆ ಕೂರುವ ಮೊದಲೇ ಕೇಳುತ್ತೇನೆ.